ರೋಣದ ವರ, ಗಜೇಂದ್ರಗಡದ ವ್ಯೂ

ಮದುವೆ ಮಾಡಿಸುವ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಗೆಯನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಬಾಗಿಲು ತೆಗೆದು ಕಸ ಹೊಡೆಯುವಷ್ಟರಲ್ಲಿ ಅದು ತಾನಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತಿರುತ್ತದೆ.

ನಮ್ಮದು ವಧು-ವರರ ಕೇಂದ್ರ. ರೋಣದಲ್ಲಿ ಹಿರಿಯ ಸಾವಕಾರರು, ನರಗುಂದದಲ್ಲಿ ಅವರ ತಮ್ಮ ಕಿರಿಯ ಸಾವಕಾರರು, ಗಜೇಂದ್ರಗಡದಲ್ಲಿ ಇಬ್ಬರಿಗೂ ತಂಗಿಯಾದ ಅಕ್ಕಾರು. ತಂದೆ ಇರುವವರೆಗೆ ಎಲ್ಲವೂ ಒಂದೇ ಇತ್ತು. ಹಿಸ್ಸೆಯಾದಾಗ ಹೊಲ ಹಂಚಿಕೊಂಡರು, ಪಾತ್ರೆ ಹಂಚಿಕೊಂಡರು, ಕೊನೆಗೆ ವಧು-ವರರನ್ನೂ ಹಂಚಿಕೊಂಡರು. ಊರಿಗೊಂದು ಕಂಪ್ಯೂಟರು, ಕಂಪ್ಯೂಟರಿಗೊಂದು ಡೇಟಾಬೇಸು, ಮೂರಕ್ಕೂ ಸೇರಿ ನಾನೊಬ್ಬ. ಒಬ್ಬರ ವರ ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ಆದರೆ ರೋಣದ ವರನಿಗೆ ಗಜೇಂದ್ರಗಡದ ಕನ್ಯೆ ತೋರಿಸದಿದ್ದರೆ ಮೂವರೂ ಅಂಗಡಿ ಮುಚ್ಚಬೇಕು.

ಇದಕ್ಕೆ ನಾನು ವ್ಯೂ ಎಂಬ ಮದ್ದು ಹೇಳಿದೆ. ಟೇಬಲ್, ಅಂದರೆ ಹೆಸರು-ವಿವರಗಳ ಪಟ್ಟಿ, ಅವರವರ ಡೇಟಾಬೇಸಿನಲ್ಲೇ ಇರುತ್ತದೆ. ಅದರಲ್ಲಿ ಎಷ್ಟು ತೋರಿಸಬೇಕೋ ಅಷ್ಟು ಮಾತ್ರ ಬೇರೆ ಊರಿನ ಪರದೆಯ ಮೇಲೆ ಕಾಣುತ್ತದೆ. ಹಿರಿಯ ಸಾವಕಾರರಿಗೆ ತಲೆಬುಡ ತಿಳಿಯಲಿಲ್ಲ.

"ಕನ್ಯಾ ನೋಡೂ ಶಾಸ್ತ್ರ ಇದ್ದಂಗ್ರಿ," ಎಂದೆ. "ಹುಡಿಗಿ ಬರ್ತಾಳ, ಚಾ ಕೊಡ್ತಾಳ, ಒಳಗ ಹೋಗ್ತಾಳ. ಮಂದಿ ನೋಡಿದ್ರು ಖರೇ, ಹುಡಿಗಿ ಮಾತ್ರ ಅವರಪ್ಪನ ಮನ್ಯಾಗ ಇರ್ತಾಳ."

ಹಿರಿಯರ ಮುಖ ಅರಳಿತು. "ಅಂದ್ರ ತೋರಸ್ತೀವಿ, ಕೊಡಂಗಿಲ್ಲ. ಚಲೋ ಆತು, ಹಾಕು!"

ಶಾಸ್ತ್ರದ ಬಗ್ಗೆ ಇಷ್ಟು ಗಟ್ಟಿಯಾಗಿ ಮಾತಾಡಿದ ನನಗೇ ಮದುವೆಯಾಗಿರಲಿಲ್ಲ. ವಯಸ್ಸು ಮೂವತ್ತು ದಾಟಿತ್ತು, ಸರಕಾರಿ ನೌಕರಿ ಇರಲಿಲ್ಲ. ಅವ್ವ ನನ್ನ ಹೆಸರನ್ನೂ ರೋಣದ ಟೇಬಲಿಗೆ ಸೇರಿಸಿದ್ದಳು. "ಊರ ಮಂದಿಗೆಲ್ಲಾ ಕನ್ಯಾ ತೋರಸ್ತಿ, ನನಗೊಂದ ಸೊಸಿ ತೋರಸವಲ್ಲಿ," ಎಂದು ಊಟಕ್ಕೆ ಕೂತಾಗಲೆಲ್ಲ ಅನ್ನುವಳು. ಯಾರ ಮದುವೆ ಆಗಲಿ ಬಿಡಲಿ, ನನ್ನದೊಂದು ಆದರೆ ಸಾಕು ಎಂದು ನನಗೂ ಅನಿಸುತ್ತಿತ್ತು.

ಮೆತ್ತಗಿನ ಹುಡುಗಿ

ವ್ಯೂದಲ್ಲಿ ಏನು ಕಾಣಬೇಕು, ಏನು ಮುಚ್ಚಬೇಕು ಎನ್ನುವುದು ಟೇಬಲಿನ ಮಾಲೀಕರ ಮರ್ಜಿ. ಹಿರಿಯರು, "ಹುಡಿಗ್ಯಾರ ಹೆಸರ ಮುಚ್ಚು, ಇಲ್ಲಂದ್ರ ನನ್ನ ತಮ್ಮ ಸೀದಾ ಅವರ ಮನಿಗೇ ಹೊಕ್ಕಾನು," ಎಂದರು. ಮುಚ್ಚಿದೆ. ಮರುದಿನ ಊರು ಮುಚ್ಚಿಸಿದರು. ಅದರ ಮರುದಿನ ಫೋಟೋ. ಕೊನೆಗೆ ನರಗುಂದದವರಿಗೆ ಕಾಣುತ್ತಿದ್ದದ್ದು ಹುಡುಗಿಯ ಎತ್ತರ, ಓದು, ಅಡುಗೆ ಮತ್ತು ಸ್ವಭಾವ.

ಯಾವಗಲ್ಲಿನ ಗೌಡರೊಬ್ಬರು ಮಗನಿಗೆ ಕನ್ಯೆ ಹುಡುಕಿಕೊಂಡು ನರಗುಂದಕ್ಕೆ ಬಂದರು. ಅಂದು ನಾನೂ ಅಲ್ಲಿದ್ದೆ. ನೋಡುತ್ತಾ ನೋಡುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟವರು ತೆಗೆಯಲೇ ಇಲ್ಲ.

"ಬಿ.ಎ. ಆಗೈತಿ, ಜ್ವಾಳದ ರೊಟ್ಟಿ ಬಡಿತಾಳ, ಮೆತ್ತಗ ಮಾತಾಡ್ತಾಳ. ನಮ್ಮ ಮನಿಗೆ ಹೇಳಿ ಮಾಡಿಸಿದಂಗ ಅದಾಳ ನೋಡ್ರಿ. ಇದನ್ನ ಮುಗಸ್ರಿ."

ಕಿರಿಯರು ರೋಣಕ್ಕೆ ಫೋನು ಮಾಡಿ ಅಣ್ಣನ ಕೈಕಾಲು ಹಿಡಿದ ಮೇಲೆ ಹಿರಿಯರು ಆ ಸಾಲಿನ ಮುಸುಕು ತೆಗೆಯಲು ಒಪ್ಪಿದರು. ಹೆಸರು, ಊರು, ಫೋಟೋ ಎಲ್ಲ ಬಂತು. ಗೌಡರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅದು ಅವರ ಸ್ವಂತ ಮಗಳು. ಗೌಡತಿ ತವರಿಗೆ ಹೋದಾಗ ಗಂಡನಿಗೆ ಹೇಳದೆ ರೋಣದಲ್ಲಿ ಹೆಸರು ಬರೆಸಿ ಬಂದಿದ್ದರು.

ಇನ್ನೇನು ಗುಡುಗುತ್ತಾರೆ ಎಂದುಕೊಂಡೆವು. ಗೌಡರು ಮತ್ತೆ ಅದೇ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು:

"ಅದಿರ್ಲಿ. ಅಕಿ ಮೆತ್ತಗ ಮಾತಾಡ್ತಾಳಂತ ನಿಮಗ ಹೇಳಿದವರ್ಯಾರು?"

ಮೂವರಲ್ಲಿ ಒಬ್ಬ

ಆಮೇಲೆ ಮೂರೂ ಊರಿನ ವರಗಳು ಒಟ್ಟಿಗೆ ಕಾಣುವಂಥ ವ್ಯೂ ಮಾಡಿದೆ. ಒಬ್ಬ ಚಾಲಾಕಿ ಹುಡುಗ ಮೂರೂ ಕಡೆ ಹೆಸರು ಕೊಟ್ಟಿದ್ದ. ರೋಣದಲ್ಲಿ ಒಕ್ಕಲುತನ, ಮೀಸೆ ಇರುವ ಫೋಟೋ. ನರಗುಂದದಲ್ಲಿ ವ್ಯಾಪಾರ, ಮೀಸೆ ಇಲ್ಲದ ಫೋಟೋ. ಗಜೇಂದ್ರಗಡದಲ್ಲಿ ಸ್ವಂತ ಉದ್ಯೋಗ, ಕಪ್ಪು ಕನ್ನಡಕ. ಒಬ್ಬನೇ ಮೂರು ಕಡೆ ಮೆರೆಯುತ್ತಿದ್ದ. ಒಂದೇ ಕಡೆ ಇದ್ದ ನನ್ನ ಸಾಲಿನ ಮೇಲೆ ಮಾತ್ರ ಯಾರ ಬೆರಳೂ ನಿಲ್ಲುತ್ತಿರಲಿಲ್ಲ. ನನಗೆ ಸಿಟ್ಟೇ ಬಂದಿತ್ತು.

ನರೇಗಲ್ಲಿನ ಕಿರಾಣಿ ವ್ಯಾಪಾರಿಯೊಬ್ಬರು ಮಗಳಿಗೆ ವರ ನೋಡಲು ಬಂದರು.

"ಯಜಮಾನ್ರ, ಈ ಮೂರೂ—" ಎಂದು ನಾನು ಬಾಯಿ ತೆರೆದೆ.

"ನೀ ಸುಮ್ಮ ಕುಂಡ್ರಪಾ. ಮಾಲು ನೋಡಿ ಆರಿಸೂದು ನನ್ನ ದಂಧೆ. ರೋಣದಾಂವ ಮೀಸಿ ತಿರುವ್ಯಾನ, ಸೊಕ್ಕಿನಾಂವ. ಗಜೇಂದ್ರಗಡದಾಂವ ಕಪ್ಪ ಕನ್ನಡಕ ಹಾಕ್ಯಾನ, ಏನೋ ಮುಚ್ಚಾಕತ್ತಾನ. ನರಗುಂದದಾಂವನ ನೋಡು, ಆಕಳದಂಥಾ ಮಾರಿ! ಇಂವಾ ಇರ್ಲಿ."

ಮಾತುಕತೆಯ ದಿನ ಹುಡುಗ ಬಂದ. ಮೀಸೆ ಬೆಳೆದಿತ್ತು, ಕಪ್ಪು ಕನ್ನಡಕ ಹಣೆಯ ಮೇಲಿತ್ತು. ವ್ಯಾಪಾರಿ ನನ್ನ ರಟ್ಟೆ ಹಿಡಿದು ಮೂಲೆಗೆ ಎಳೆದರು. ಅಷ್ಟರಲ್ಲಿ ಮಗಳು ಹುಡುಗನನ್ನು ಒಪ್ಪಿಬಿಟ್ಟಿದ್ದಳು. ಇನ್ನು ಅವರೇನು ಮಾಡಿಯಾರು? ಮದುವೆಯ ಅಕ್ಕಿಕಾಳಿನ ದಿನ ಬೀಗರ ಮುಂದೆ ಎದೆ ಉಬ್ಬಿಸಿ ಹೇಳುತ್ತಿದ್ದರು:

"ಮೂರು ವರಾ ನೋಡಿದ್ವಿ. ಇಬ್ಬರನ್ನ ಬಿಟ್ಟು ಇವನ್ನ ಆರಿಸಿದ್ವಿ."

ಬಸ್ಸು ಹತ್ತಿದ ಪರದೆ

ಒಂದು ದಿನ ನೆಟ್ ಕೈಕೊಟ್ಟು ನರಗುಂದದ ಪರದೆಯಲ್ಲಿ ಗಜೇಂದ್ರಗಡದ ವರಗಳು ಕಾಣದಾದವು. ಕಿರಿಯರು ಗಾಬರಿಯಾಗಿ ಫೋನು ಮಾಡಿದರು. ನಾನು ಗಜೇಂದ್ರಗಡದಲ್ಲಿದ್ದೆ.

"ವರಾ ಎಲ್ಲಾ ಹೋದ್ವಲ್ಲೋ!"

"ಎಲ್ಲೂ ಹೋಗಿಲ್ಲರಿ. ಇಲ್ಲೇ ಗಜೇಂದ್ರಗಡದಾಗ ಅದಾವ. ಅಲ್ಲೀತನಕ ಬರವಲ್ವು, ಅಷ್ಟ."

"ಹೌದಾ? ಹಂಗಾರ ನಾನ ಬರ್ತೀನಿ," ಎಂದು ಫೋನಿಟ್ಟರು.

ಮಧ್ಯಾಹ್ನ ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಕಿರಿಯರು ಇಳಿದರು. ಕಂಕುಳಲ್ಲಿ ಕೌದಿ ಸುತ್ತಿದ ಪರದೆ. ಕಂಪ್ಯೂಟರನ್ನು ನರಗುಂದದಲ್ಲೇ ಬಿಟ್ಟು ಬರೇ ಪರದೆ ತಂದಿದ್ದರು! "ಸಮೀಪ ತಂದೀನಿ, ಈಗ ಹಚ್ಚು," ಎಂದರು. ಹಿಸ್ಸೆಯಾದ ಮೇಲೆ ತಂಗಿಯ ಹೊಸ್ತಿಲು ತುಳಿಯದವರು ಅಂದು ಆ ಪರದೆ ಹೊತ್ತು ಒಳಗೆ ಬಂದರು. ಅಕ್ಕಾರು ಕಣ್ಣೊರೆಸಿಕೊಂಡು ಗಿರ್ಮಿಟ್ ಕೊಟ್ಟರು, ನಂತರ ತಮ್ಮ ಕಂಪ್ಯೂಟರಿನಲ್ಲಿ ವರಗಳನ್ನು ತೋರಿಸಿದರು. ಕಿರಿಯರು ಒಂದೊಂದೇ ಮುಖ ನೋಡಿದರು. ಗಿರ್ಮಿಟ್ ತಟ್ಟೆ ಕೆಳಗಿಟ್ಟರು.

"ನೋಡಲೇ! ನಮ್ಮ ವರಾ ಎಲ್ಲಾ ಕದ್ದು ತನ್ನ ಕಂಪ್ಯೂಟರಿನ್ಯಾಗ ಇಟಗೊಂಡು ಕುಂತಾಳ!"

ಎಲ್ಲರಿಗೂ ಅಭಿನಂದನೆ

ನೋಡಲು ಮಾತ್ರ ಇದ್ದ ವ್ಯೂಗೆ ಮುಂದೆ ನಾನು ಚೂರು ಅಧಿಕಾರ ಕೊಟ್ಟೆ. ಅಕ್ಕಾರು ರೋಣದ ಯಾವುದಾದರೂ ವರನಿಗೆ ಸಂಬಂಧ ಕುದುರಿಸಿದರೆ ಗಜೇಂದ್ರಗಡದಲ್ಲೇ ಕೂತು ಅವನ ಹೆಸರಿನ ಮುಂದೆ 'ನಿಶ್ಚಯ' ಎಂದು ಗುರುತು ಹಾಕಬಹುದು. ವ್ಯೂದಲ್ಲಿ ಹಾಕಿದ ಗುರುತು ರೋಣದ ಟೇಬಲಿನಲ್ಲೇ ಬೀಳುತ್ತದೆ. ವರನ ಮನೆಗೆ ಸಂದೇಶ ತಾನಾಗಿ ಹೋಗುತ್ತದೆ.

ಒಂದು ಬೆಳಿಗ್ಗೆ ರೋಣದ ಕಚೇರಿಗೆ ಬಂದರೆ ಬಾಗಿಲಲ್ಲಿ ಗಂಡಸರ ಜಾತ್ರೆ. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲದರಲ್ಲೂ ಒಂದೇ ಸಂದೇಶ: "ಅಭಿನಂದನೆಗಳು. ನಿಮ್ಮ ಮದುವೆ ನಿಶ್ಚಯವಾಗಿದೆ."

"ಹುಡಿಗಿ ಯಾರ್ರೀ?" ಎಂದ ಒಬ್ಬ. ಇನ್ನೊಬ್ಬ ಆಗಲೇ ಬ್ಯಾಂಡಿನವರಿಗೆ ಹೇಳಿ ಬಂದಿದ್ದ. ಹೋದ ವರ್ಷ ಮದುವೆಯಾಗಿಯೂ ಹೆಸರು ತೆಗೆಸದೆ ಬಿಟ್ಟಿದ್ದವನೊಬ್ಬ ಹೆಂಡತಿಯ ಸಮೇತ ನಿಂತಿದ್ದ. ಅವಳೂ ಅದನ್ನೇ ಕೇಳುತ್ತಿದ್ದಳು: "ಹುಡಿಗಿ ಯಾರ್ರೀ?" ಪಟಕಾ ಸುತ್ತಿದ ವಿಧುರ ಅಜ್ಜ ಮಾತ್ರ ಶಾಂತವಾಗಿದ್ದ. "ಯಾರರ ಇರ್ಲಿ. ನನ್ನದೇನ ತಕರಾರಿಲ್ಲ."

ಅಷ್ಟರಲ್ಲಿ ಅವ್ವನ ಫೋನು. "ಓಣಿಗೆಲ್ಲಾ ಪೇಢೆ ಹಂಚಿದೆ!"

"ಅವ್ವಾ, ಅದು ತಪ್ಪಿ ಬಂದೈತಿ."

"ತಪ್ಪಿ ಯಾಕ ಬರ್ತೈತಿ? ನಿನ್ನೆ ಅಕ್ಕಾರು—"

ಗದ್ದಲದಲ್ಲಿ ಏನೂ ಕೇಳಿಸದೆ ಫೋನಿಟ್ಟೆ. ನೋಡಿದರೆ, ಅಕ್ಕಾರು ಒಂದು ಹೆಸರಿಗೆ ಗುರುತು ಹಾಕಲು ಹೋಗಿ, ಎಲ್ಲ ಹೆಸರಿಗೂ ಗುರುತು ಬೀಳುವ ಮೇಲಿನ ಚೌಕ ಒತ್ತಿದ್ದರು. ರೋಣದ ಟೇಬಲಿನಲ್ಲಿ ಒಬ್ಬ ಬ್ರಹ್ಮಚಾರಿಯೂ ಉಳಿದಿರಲಿಲ್ಲ. ನಾನು ಅಂಗಿಯ ತೋಳು ಮಡಚಿ ಕೂತು ಎಲ್ಲ ಗುರುತನ್ನೂ ಅಳಿಸಿದೆ. "ತಪ್ಪಾಗಿದೆ, ಮದುವೆ ನಿಶ್ಚಯವಾಗಿಲ್ಲ, ಕ್ಷಮಿಸಿ," ಎಂದು ಎಲ್ಲ ವರಗಳಿಗೂ ಕಳಿಸಿದೆ. ಕೆಲಸ ಅಚ್ಚುಕಟ್ಟಾಗಲಿ ಎಂದು ಗಜೇಂದ್ರಗಡದ ಕನ್ಯೆಯರ ಮನೆಗೂ, ಎಲ್ಲ ವರಗಳ ಹೆಸರಿನ ಪಟ್ಟಿ ಸಮೇತ, ಅದನ್ನೇ ಕಳಿಸಿದೆ. ಮಂದಿ ಬೈದುಕೊಳ್ಳುತ್ತಾ ಹೋದರು. ಅಜ್ಜನನ್ನು ಕಳಿಸಲು ಮಾತ್ರ ಎರಡು ಸಲ ಚಹಾ ಕುಡಿಸಬೇಕಾಯಿತು.

ಮಧ್ಯಾಹ್ನ ಅಕ್ಕಾರು ಫೋನು ಮಾಡಿದರು. "ಸರಿ ಮಾಡಿದೇನಪಾ?"

"ಹೂನ್ರಿ ಅಕ್ಕಾರ. ಎಲ್ಲಾ ಅಳಿಸಿದೆ, ಒಂದೂ ಬಿಟ್ಟಿಲ್ಲ," ಎಂದೆ ಹೆಮ್ಮೆಯಿಂದ.

"ಎಲ್ಲಾ?"

"ಎಲ್ಲಾರಿ."

ಅಕ್ಕಾರು ಹಣೆ ಬಡಿದುಕೊಂಡ ಸದ್ದು ಕೇಳಿಸಿತು. "ನಾ ಗುರ್ತ ಹಾಕಾಕ ಹೋಗಿದ್ದು ಒಬ್ಬಂಗ. ಅವಂದೊಂದ ಖರೇ ಇತ್ತು."

"ಯಾರದ್ರಿ?"

"ನಿಂದು."

"ಹುಡಿಗಿ ಯಾರ್ರೀ?" ಎಂದು ಈಗ ನಾನೂ ಕೇಳಿದೆ. ಹುಡುಗಿ ಅಕ್ಕಾರ ಕಚೇರಿಯ ಎದುರು ಮನೆಯ ನೇಕಾರರ ಮಗಳು. ಹೋದಾಗಲೆಲ್ಲ ನಾನು ಕದ್ದು ನೋಡುತ್ತಿದ್ದುದು ಅವಳನ್ನೇ, ಆದರೆ ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಬಂದಿರಲಿಲ್ಲ. ಅವಳೂ ನೋಡಿ ಒಪ್ಪಿದ್ದಳಂತೆ. ಹಿಂದಿನ ದಿನ ಅವ್ವ ಮತ್ತು ಅಕ್ಕಾರು ಸೇರಿ ಮಾತು ಮುಗಿಸಿದ್ದರು. ಮೊದಲೇ ತಿಳಿದರೆ ನಡುವೆ ಕೈಹಾಕಿ ಕೆಡಿಸುತ್ತೇನೆಂದು ನನಗೊಬ್ಬನಿಗೆ ಹೇಳಿರಲಿಲ್ಲ.

ಗಜೇಂದ್ರಗಡದ ಬಸ್ಸಿಗೆ ಓಡಿದೆ. ದಾರಿಯುದ್ದಕ್ಕೂ ಎಂದೂ ನೆನೆಯದ ದೇವರುಗಳನ್ನೆಲ್ಲ ನೆನೆದೆ. ಅವರ ಮನೆಯಲ್ಲಿ ಹುಡುಗಿಯ ಅಪ್ಪ ಮೊಬೈಲು ನನ್ನ ಮುಖಕ್ಕೆ ಹಿಡಿದರು. "ನಿಶ್ಚಯ ಆಗಿಲ್ಲಂತ ನೀವ ಬರದು, ಈಗ ನೀವ ಬಂದೀರಿ?"

ಬಾಯಿಗೆ ಬಂದದ್ದೆಲ್ಲ ಹೇಳಿದೆ. ಟೇಬಲ್ ಎಂದೆ, ವ್ಯೂ ಎಂದೆ, ಚೌಕ ಎಂದೆ. ಅವರು ಇನ್ನಷ್ಟು ಸಿಟ್ಟಾದರು. ಒಳಗಿನ ಮಗ್ಗದ ಸದ್ದು ನಿಂತಿತು.

"ಅಪ್ಪಾ, ಅವರನ್ನ ಕುಂಡ್ರಸು," ಎನ್ನುತ್ತಾ ಹುಡುಗಿ ಹೊರಗೆ ಬಂದಳು. ನನ್ನ ಕಡೆ ತಿರುಗಿದಳು. "ನಾ ಒಪ್ಪೇನ್ರಿ. ಆದ್ರ ಒಂದ ಕರಾರು."

"ಹೇಳ್ರಿ, ಏನಿದ್ರೂ ಕಬೂಲ."

"ಮದುವಿ ಆದಮ್ಯಾಲೆ ಮನ್ಯಾಗ ಏನ ಕೆಟ್ರೂ ಕೆಟ್ಟಂಗ ಇರ್ಲಿ. ನೀವು ಸರಿ ಮಾಡಾಕ ಹೋಗಬ್ಯಾಡ್ರಿ."