ಗೋಣಿಮರದಲ್ಲಿ ಇದ್ದದ್ದು ಹಸಿರು ಪಾರಿವಾಳವೇ?

ಕಂಡದ್ದನ್ನು ಕಂಡೆ ಎಂದು ಎದೆ ತಟ್ಟಿ ಹೇಳುವವರನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು. ನನ್ನ ದಿನಚರಿಯಲ್ಲಿ ಪ್ರತಿ ವಾಕ್ಯದ ಕೊನೆಗೂ ‘ಇರಬೇಕು’ ಎಂದಿರುತ್ತದೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ದಿನಾ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಪಾಠ ಹೇಳಿಬರುವವನ ಪಾಡಿದು.

ತೊಂಬತ್ನಾಲ್ಕೋ ತೊಂಬತ್ತೈದೋ, ಆಗ ನಾವು ಅರಕೆರೆಯಲ್ಲಿ ಬಾಡಿಗೆಗಿದ್ದೆವು. ಹಿತ್ತಲ ಬೇಲಿಯಾಚೆ ಪುಟ್ಟಸ್ವಾಮಣ್ಣನ ಗದ್ದೆ, ಬದುವಿನ ಮೇಲೊಂದು ಗೋಣಿಮರ. ಭತ್ತ ತೆನೆ ಬಿಡುವ ಹೊತ್ತಿಗೆ, ಗದ್ದೆಗೆ ನೆರಳು ಬೀಳಿಸುವ ಕೊಂಬೆಗಳನ್ನು ಸವರಿಹಾಕುವುದು ಅಲ್ಲಿನ ಪದ್ಧತಿ. ಆದರೆ ಆ ವರ್ಷ ಮರದ ತುಂಬ ಹಣ್ಣು, ಹಣ್ಣಿನ ನಡುವೆ ಹಸಿರು ಪಾರಿವಾಳ. ಇರಬೇಕು. ಯಾರೋ ಶಿಳ್ಳೆ ಕಲಿಯುತ್ತಿರುವಂಥ ದನಿ ಕೇಳುತ್ತಿತ್ತು, ಅರೆತಿಂದ ಹಣ್ಣು ತಪತಪ ಉದುರುತ್ತಿತ್ತು. ಭತ್ತವನ್ನು ಮೂಸಿಯೂ ನೋಡದೆ, ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದು ಹಣ್ಣು ನುಂಗುವ ಜಾತಿ ಅದು. ಮೈಬಣ್ಣವೆಲ್ಲ ಎಲೆಯದೇ. ಎದ್ದು ಕಾಣಬೇಕಾದದ್ದು ಹಳದಿ ಕಾಲು. ಅದೂ ಹಣ್ಣೆಲೆಯ ತೊಟ್ಟಿನ ಹಾಗೇ.

ಕೊಡಲಿ ಹಿಡಿದು ಬಂದ ಪುಟ್ಟಸ್ವಾಮಣ್ಣನಿಗೆ ಇದನ್ನೆಲ್ಲ ಹೇಳಿ, ಆ ಕೊಂಬೆಯನ್ನು ಉಳಿಸಿ ಎಂದು ಬೇಡಿಕೊಂಡೆ.

“ಉಳುಸ್ತೀನಿ. ಎಲ್ಲವೆ ತೋರ್ಸಿ ಮೇಷ್ಟ್ರೇ.”

“ಅಗೋ, ಆ ಕವಲಿನಲ್ಲಿ.”

“ಅದು ಎಲೆ.”

“ಅದರ ಪಕ್ಕದಲ್ಲಿ?”

“ಅದೂ ಎಲೆಯೇ ಕಣ್ರೀ! ಅಷ್ಟೊಂದು ಓದ್ಬುಟ್ಟು ಇಂಗಾದ್ರೆ ಎಂಗೆ?”

ಕತ್ತು ನೋಯುವವರೆಗೂ ನೋಡಿದೆ. ಕೊನೆಕೊನೆಗೆ ನನಗೂ ಎಲೆಯೇ ಕಾಣತೊಡಗಿತು. ಹಾಗಾದರೆ ಬೆಳಿಗ್ಗೆ ನಾನು ಎಣಿಸಿದ್ದು ಏನನ್ನು?

“ನೆಳ್ಳಿಗೆ ಭತ್ತ ಜೊಳ್ಳಾಯ್ತದೆ, ಆ ಕಡೀಕೆ ಬನ್ನಿ,” ಎಂದು ಆತ ಕೊಂಬೆಗೆ ಒಂದೇಟು ಹಾಕಿದ. ಅರ್ಧ ಮರವೇ ಎದ್ದು ಹಾರಿತು. ಆ ಪಟಪಟ ಸದ್ದಿಗೆ ನಾನು ಬೆಚ್ಚಿ ಕಣ್ಣು ಮುಚ್ಚಿಕೊಂಡುಬಿಟ್ಟೆ. ತೆರೆದಾಗ ಆಕಾಶ ಖಾಲಿ.

ಪುಟ್ಟಸ್ವಾಮಣ್ಣ ಕೊಡಲಿ ಕೆಳಗಿಟ್ಟಿದ್ದ. “ದಿನಾ ಇದ್ರಡೀಲೇ ಕೂತು ಬುತ್ತಿ ಉಣ್ತೀನಲ್ಲಾ, ಥೂ ಇದ್ರ!”

ನಾನು ಗೆದ್ದೆನೆಂದು ಉಬ್ಬುವಷ್ಟರಲ್ಲಿ, ಬೇಲಿಗೆ ಬಟ್ಟೆ ಹರವುತ್ತಿದ್ದ ನನ್ನ ಹೆಂಡತಿ ಕೇಳಿದಳು: “ಗಿಳಿ ಅಲ್ವೇನ್ರೀ ಅವು?”

ಆತ ಗಕ್ಕನೆ ನನ್ನತ್ತ ತಿರುಗಿದ. “ಗಿಳೀನಾ? ಭತ್ತ ತಿನ್ನೋ ಗಿಳಿಗೆ ನಾನೇ ಮನೆ ಕೊಡ್ಲಾ? ಅಂಗಿದ್ರೆ ಮರದ ಬುಡಕ್ಕೇ ಇಕ್ತೀನಿ ಕೊಡ್ಲಿಯ. ಏಳಿ ಮೇಷ್ಟ್ರೇ, ಕಾಲು ಹಳದಿ ಇದ್ವಾ?”

ನಾನು ಜೀವಮಾನದಲ್ಲಿ ಖಚಿತವಾಗಿ ಕಂಡ ಹಳದಿ ಕಾಲು ವಿಶ್ವವಿದ್ಯಾಲಯದ ಗಾಜಿನ ಪೆಟ್ಟಿಗೆಯಲ್ಲಿದ್ದ, ಹತ್ತಿ ತುಂಬಿದ ಹಕ್ಕಿಯದು. ಅದಕ್ಕೂ ವರ್ಷಕ್ಕೊಮ್ಮೆ ಅಟೆಂಡರು ಬಣ್ಣ ಬಳಿಯುತ್ತಿದ್ದ.

“ಅಪ್ಪಟ ಹಳದಿ,” ಎಂದೆ.

“ನಂಗೂ ಅಂಗೇ ಕಾಣ್ತು ಬುಡಿ,” ಎಂದು ಆತ ಕೊಡಲಿಯನ್ನು ಹೆಗಲಿಗೇರಿಸಿ ಹೊರಟುಹೋದ.

ಮಾರನೆಯ ದಿನ ನಾನೇ ಅವನ ಗದ್ದೆಗೆ ಹೋಗಿ, ಆ ಹಳದಿ ತಿಳಿಯೋ ಗಾಢವೋ ಎಂದು ಕೇಳಿ ಬರೆದುಕೊಂಡು ಬಂದೆ.