ಮಣ್ಣಿಗಾಗಿ ಬಸ್ಕಿ

ನಮ್ಮ ಸೋದರಮಾವನಷ್ಟು ಹುರುಪಿನಿಂದ ಸಾವಿಗೆ ತಯಾರಿ ನಡೆಸಿದ ಮನುಷ್ಯನನ್ನು ನಾನಂತೂ ಕಂಡಿಲ್ಲ. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ದಿನಾ ಬೆಳಿಗ್ಗೆ ಐವತ್ತು ಬಸ್ಕಿ ಹೊಡೆಯುತ್ತಾನೆ. ಹೆಚ್ಚು ಕಾಲ ಬದುಕಲು ಎಂದುಕೊಂಡಿರಾ? ಛೇ! ಸತ್ತ ಮೇಲೆ ಸರಿಯಾಗಿ ಕೂರಲು!

ನಮ್ಮಲ್ಲಿ ಸತ್ತವರನ್ನು ಗುಣಿಯಲ್ಲಿ ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂರಿಸುತ್ತಾರೆ. ಆರು ವರ್ಷದ ಹಿಂದೆ ರಾಯಿಕೋಡ್‌ನಲ್ಲಿ ಮಾವನ ಗೆಳೆಯನೊಬ್ಬ ತೀರಿಕೊಂಡಾಗ ಅವನ ಮೊಣಕಾಲು ಮಡಚಲೇ ಇಲ್ಲವಂತೆ. ನಾಲ್ಕು ಜನ ಒತ್ತಿ ಹಿಡಿದು ಕೂರಿಸಬೇಕಾಯಿತು. ಮಾವ ಮನೆಗೆ ಬಂದವನು ಊಟ ಮಾಡಲಿಲ್ಲ. ಮರುದಿನದಿಂದ ನ್ಯಾಲ್ಕಲ್‌ನ ಅವನ ಅಂಗಳದಲ್ಲಿ ಗಟ್ಟಿ ಎಣಿಕೆಯೊಡನೆ ಬಸ್ಕಿ ಶುರುವಾಯಿತು. ಪಕ್ಕದ ಮನೆಯ ನನಗೆ ಅಂದಿನಿಂದ ಅಲಾರಾಂ ಬೇಕಾಗಿಲ್ಲ.

ಹಾಲಿನವನು ಒಮ್ಮೆ ಕೇಳಿಯೇಬಿಟ್ಟ: “ಏನ್ರಿ ಯಜಮಾನ್ರ, ಮತ್ತೊಂದು ಲಗ್ನ ಗೊತ್ತಾಗ್ಯದೇನ್ರಿ?”

“ಲಗ್ನಕ್ಕಲ್ಲೋ, ಮಣ್ಣಿಗೆ! ನಾಳೆ ನಿಮಗ ತ್ರಾಸ್ ಆಗಬಾರದಂತ ಮಾಡಾಕತ್ತೀನಿ.”

ಹಾಲಿನವನು ಈಗ ಹಾಲು ಅಳೆದವನೇ ಸೈಕಲ್ ಹತ್ತುತ್ತಾನೆ.

ಇಲ್ಲಿಯವರೆಗೆ ನಗಬಹುದು. ಹೋದ ಮಳೆಗಾಲದಲ್ಲಿ ಅತ್ತೆ, ಅಂದರೆ ಮಾವನ ಹೆಂಡತಿ, ಬಚ್ಚಲಲ್ಲಿ ಜಾರಿಬಿದ್ದಳು. ಎಲುಬು ಮುರಿದಿರಲಿಲ್ಲ. ಆದರೂ ಮತ್ತೆ ಬಿದ್ದೇನೆಂಬ ಹೆದರಿಕೆಗೆ ಮೂರು ತಿಂಗಳು ಮಂಚ ಬಿಟ್ಟು ಇಳಿಯಲಿಲ್ಲ. ಕಾಲುಗಳು ಜೋಳದ ದಂಟಿನಂತಾದವು. ಜೀಪು ಮಾಡಿಕೊಂಡು ಜಹೀರಾಬಾದಿಗೆ ಕರೆದೊಯ್ದೆವು. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಅತ್ತೆಯ ತೊಡೆ ಮುಟ್ಟಿ ನೋಡಿದಳು. ಪಕ್ಕದಲ್ಲಿ ಮಾವ ಸರಕ್ಕನೆ ಕೂತು ಎದ್ದದ್ದನ್ನು ಕಂಡು ಬೆರಗಾದಳು. ಮಾವನಿಗೆ ಅಷ್ಟೇ ಸಾಕು, ತನ್ನ ಗುಣಿಯ ಯೋಜನೆಯನ್ನೆಲ್ಲ ವಿವರಿಸಿದ!

“ಅಜ್ಜಾರ, ಸತ್ತಮ್ಯಾಲ ಕಸರತ್ತು ಕೆಲಸಕ್ಕ ಬರಂಗಿಲ್ಲರಿ. ಇದು ಇದ್ದಾಗ ತಾವೇ ಎದ್ದು ಬಚ್ಚಲಕ ಹೋಗಾಕ.”

ಆರು ವರ್ಷದ ತಪಸ್ಸಿನ ಫಲ ಬರೀ ಬಚ್ಚಲೇ? ಮಾವನ ಮುಖ ಇಳಿದುಹೋಯಿತು.

“ವಯಸ್ಸಾದಂಗ ಸ್ನಾಯು ಕರಗ್ತಾವರಿ. ದುಡಿಸಿದ್ರ ಎಪ್ಪತ್ತರಾಗೂ ಬಲ ಬರ್ತದ. ಅಮ್ಮ ಹಿಂಗೇ ಮಲ್ಕೊಂಡ್ರ ಮಾತ್ರ ಮತ್ತ ಏಳೂದು ಕಷ್ಟ ಅದ,” ಎಂದಳು ಡಾಕ್ಟರಮ್ಮ.

ಊರಿಗೆ ಬಂದ ಮಾವ ಮಂಚದ ಮುಂದೆಯೇ ಬಸ್ಕಿ ಹೊಡೆದು ತೋರಿಸತೊಡಗಿದ. ಅತ್ತೆ ಮಲಗಿದಲ್ಲಿಂದಲೇ “ಶಾಭಾಸ್” ಎಂದಳು. ಕೈ ಹಿಡಿದೆಬ್ಬಿಸಲು ಹೋದರೆ ಗೋಡೆಯ ಕಡೆ ಹೊರಳಿದಳು. “ನನ್ನ ಪಾಳಿ ಮುಗೀತು. ಇನ್ನ ಎದ್ದು ಯಾವ ಕುಸ್ತಿಗೆ ಹೋಗೂದದ?” ದಿನ ಕಳೆದಂತೆ ಊಟವೂ ಕಡಿಮೆಯಾಯಿತು. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನಮಗೆಲ್ಲ ಗೊತ್ತಿತ್ತು.

ಒಂದು ಬೆಳಿಗ್ಗೆ ಮಾವನ ಮನೆಯಿಂದ ಬಸ್ಕಿಯ ಎಣಿಕೆಯೇ ಕೇಳಲಿಲ್ಲ. ಗಾಬರಿಯಾಗಿ ಓಡಿದೆ. ಮಾವ ನೆಲದ ಮೇಲೆ ಕೂತು ಮಂಚದ ಅಂಚಿಗೆ ತಲೆಯಿಟ್ಟಿದ್ದ.

“ನಾ ಮೊದಲ ಹೋಗ್ತೀನಂತ ಆರು ವರ್ಷ ತಯಾರಿ ಮಾಡೀನಿ,” ಎನ್ನುತ್ತಿದ್ದ. “ನೀ ಮೊದಲ ಹೋದ್ರ ಹ್ಯಾಂಗ ಇರಬೇಕಂತ ಒಂದ್ ದಿನಾನೂ ಮಾಡಿಲ್ಲ ನೋಡು.”

ಮಾವ ಅಳುವುದನ್ನು ನಾನು ಅದೇ ಮೊದಲು ಕಂಡದ್ದು. ಬಾಗಿಲಲ್ಲೇ ನಿಂತೆ.

ಅತ್ತೆ ಗೋಡೆಯ ಕಡೆಯಿಂದ ಈಚೆಗೆ ಹೊರಳಿದಳು. ಆಮೇಲೆ ಆ ಒಣಗಿದ ಕಾಲುಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ ಮಾವನ ಹೆಗಲ ಮೇಲೆ ಕೈಯಿಟ್ಟಳು.

“ಏಳ್ರಿ,” ಎಂದಳು. “ಹಿಡ್ಕೋರಿ ನನ್ನ, ಅಂಜಿಕಿ ಬರ್ತದ.”