ಕೆಟ್ಟ ಸುದ್ದಿಯ ಗಾಡಿಗೆ ಹೊಸ ಕೇಬಲ್

ಊರಿನಲ್ಲಿ ಯಾರ ಬಳಿಯೂ ಇಲ್ಲದ ವಸ್ತು ನಮ್ಮ ಬಳಿ ಇದ್ದರೆ ಮರ್ಯಾದೆ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ನಾನು ನಂಬಿ, ಮೂಡುಬಿದಿರೆಯ ನಮ್ಮ ಕೇರಿಗೆ ಮೊದಲ ಮೋಟರ್ ಸೈಕಲ್ ತಂದೆ. ಶಾಲೆಯ ಮಾಸ್ತರನಿಗೆ ಇದು ಯಾಕೆ ಬೇಕಿತ್ತು ಎಂದು ಹೆಂಡತಿ ಜಲಜ ಕೇಳಿದಳು. ನನಗೆ ಉತ್ತರ ಹೊಳೆಯುವ ಮೊದಲೇ ಊರವರಿಗೆ ಹೊಳೆದಿತ್ತು. ಯಾರಾದರೂ ತೀರಿಕೊಂಡರೆ ದೂರದ ನೆಂಟರಿಗೆ ತಿಳಿಸಬೇಕಲ್ಲ? ಬಸ್ಸು ತನಗೆ ಮನಸ್ಸಾದಾಗ ಬರುತ್ತದೆ, ತಂತಿ ಕೊಟ್ಟರೆ ಹೆಣ ಬೂದಿಯಾದ ಮೇಲೆ ಮುಟ್ಟುತ್ತದೆ. "ಮಾಷ್ಟ್ರೇ, ನಿಮ್ಮ ಗಾಡಿ ಉಂಟಲ್ಲ" ಎಂದು ಒಬ್ಬರು ಹೇಳಿದರು, ಮತ್ತೊಬ್ಬರು ಹೇಳಿದರು, ಕೊನೆಗೆ ಅದೇ ನನ್ನ ಉದ್ಯೋಗವಾಯಿತು. ಯಮನ ಕೋಣಕ್ಕೂ ನನ್ನ ಗಾಡಿಗೂ ಉಳಿದ ವ್ಯತ್ಯಾಸವೆಂದರೆ ಕೋಣಕ್ಕೆ ಕ್ಲಚ್ ಕೇಬಲ್ ಇರುವುದಿಲ್ಲ.

ಈ ಕೆಲಸಕ್ಕೂ ಒಂದು ಕ್ರಮವುಂಟು. ಸತ್ತರು ಎಂದು ನೇರವಾಗಿ ಹೇಳುವಂತಿಲ್ಲ. "ಸ್ವಲ್ಪ ಜೋರುಂಟು, ಒಮ್ಮೆ ಬಂದು ಹೋಗ್ಬೇಕಂತೆ" ಎನ್ನಬೇಕು. ಕೇಳಿದವರಿಗೆ ಎಲ್ಲ ಅರ್ಥವಾಗುತ್ತದೆ. ಬರಬರುತ್ತಾ ಅಷ್ಟು ಹೇಳುವ ಅಗತ್ಯವೂ ಉಳಿಯಲಿಲ್ಲ, ಗಾಡಿಯ ಶಬ್ದ ತಿರುವಿನಲ್ಲಿ ಕೇಳಿಸಿದೊಡನೆ ಹೆಂಗಸರು ಅಳಲು ಶುರುಮಾಡುತ್ತಿದ್ದರು. ಒಮ್ಮೆ ಹಬ್ಬಕ್ಕೆಂದು ಅಳದಂಗಡಿಯ ಮಾವನ ಮನೆಗೆ ಹೋದಾಗ ಅತ್ತೆ ಎದೆ ಹಿಡಿದುಕೊಂಡು ಅಂಗಳದಲ್ಲೇ ಕುಸಿದರು. ಹಿಂದಿನ ಸೀಟಿನಲ್ಲಿ ಮಗಳು ಜೀವಂತವಾಗಿ ಕುಳಿತಿದ್ದರೂ ಅವರಿಗೆ ಸಮಾಧಾನವಾಗಲಿಲ್ಲ. ಹಾಗಾದರೆ ಬೇರೆ ಯಾರು ಎಂದು ಕೇಳಿದರು. ಅಂದಿನಿಂದ ನಾನು ಅಲ್ಲಿಗೆ ಹೋಗುವಾಗ ದೂರದಲ್ಲೇ ಇಂಜಿನ್ ನಿಲ್ಲಿಸಿ ಗಾಡಿಯನ್ನು ತಳ್ಳಿಕೊಂಡು ಹೋಗುತ್ತೇನೆ.

ಒಂದು ಶನಿವಾರ ಮಿಜಾರಿಗೆ ಇಂಥದೇ ಸುದ್ದಿ ಮುಟ್ಟಿಸಿ ಬರುವಾಗ ಕೇಬಲ್ ಕಡಿಯಿತು. ಕ್ಲಚ್ ಕೇಬಲ್ ಎಂದರೆ ಹ್ಯಾಂಡಲಿನ ಎಡಗೈ ಹಿಡಿಯಿಂದ ಗೇರ್ ಪೆಟ್ಟಿಗೆಯವರೆಗೆ ಕೊಳವೆಯೊಳಗೆ ಹೋಗುವ ಒಂದು ತಂತಿ. ಅದು ಕಡಿದರೆ ಓಡುವ ಗಾಡಿಯನ್ನು ನಿಲ್ಲಿಸುವುದು ಕಷ್ಟ, ನಿಂತ ಗಾಡಿಯನ್ನು ಹೊರಡಿಸುವುದು ಇನ್ನೂ ಕಷ್ಟ. ಹೇಗೋ ಮನೆಯವರೆಗೆ ಬಂದು, ದನದ ಹಟ್ಟಿಯ ಗೋಡೆಗೆ ಗುದ್ದಿ ನಿಲ್ಲಿಸಿದೆ. ಇನ್ನು ಕೆಲವು ದಿನ ಊರಿನಲ್ಲಿ ಯಾರೂ ಸಾಯದಿದ್ದರೆ ಸಾಕು ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಪಕ್ಕದ ಮನೆಯ ಶಾಂತಕ್ಕ ಬಂದರು. ನಮ್ಮ ಎರಡೂ ಮನೆಗಳ ನಡುವೆ ಒಂದೇ ಗೋಡೆ. ಅವರ ಗಂಡ ನೇಮಣ್ಣನವರು ಬಹಳ ದಿನಗಳಿಂದ ಹಾಸಿಗೆ ಹಿಡಿದಿದ್ದರು. ನಾನು ಗಾಡಿ ತಂದ ದಿನ ಇಡೀ ಕೇರಿಯಲ್ಲಿ ಸಂತೋಷಪಟ್ಟ ಮನುಷ್ಯ ಅವರೊಬ್ಬರೇ.

"ಇವ್ರಿಗೆ ಉಸಿರು ಎಳೀತಾ ಉಂಟು ಮಾಷ್ಟ್ರೇ. ಇವತ್ತು ದಾಟುದು ಕಷ್ಟ ಅಂತ ಡಾಕ್ಟ್ರು ಹೇಳಿದ್ರು. ಸುಮತಿಯನ್ನೇ ಕೇಳ್ತಾ ಇದ್ದಾರೆ. ನೀವು ಒಮ್ಮೆ ಕಕ್ಕಿಂಜೆಗೆ ಹೋಗಿ ಅವಳನ್ನು ಕರ್ಕೊಂಡು ಬರ್ತೀರಾ?"

ಸುಮತಿ ಅವರ ಒಬ್ಬಳೇ ಮಗಳು. ಬೆಳಗಿನ ಬಸ್ಸು ಹೋಗಿಯಾಗಿತ್ತು. ಕೇಬಲ್ ಕಡಿದಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. "ಈಗ ಹೊರಟೆ" ಎಂದುಬಿಟ್ಟೆ.

ಹಿಂದೊಮ್ಮೆ ಮಂಗಳೂರಿನಿಂದ ತಂದಿದ್ದ ಹೊಸ ಕೇಬಲ್ ಕೊಡೆಯ ಜೊತೆ ಮೊಳೆಯಲ್ಲಿ ನೇತಾಡುತ್ತಿತ್ತು. ಇಳಿಸಿ ಎಳೆದು ನೋಡಿದರೆ ಒಳಗಿನ ತಂತಿ ಅಲುಗದು, ತುಕ್ಕು ಹಿಡಿದು ಕೊಳವೆಗೆ ಕಚ್ಚಿಕೊಂಡಿತ್ತು. ಇದಕ್ಕೆ ಮದ್ದು ತೆಂಗಿನೆಣ್ಣೆ. ಕೇಬಲನ್ನು ನೆಟ್ಟಗೆ ತೂಗುಹಾಕಿ, ಮೇಲಿನ ತುದಿಗೆ ಕಾಗದದ ಪೊಟ್ಟಣ ಕಟ್ಟಿ, ಎಣ್ಣೆ ಹೊಯ್ದು, ಅದು ಕೆಳಗಿನ ತುದಿಯಲ್ಲಿ ತೊಟ್ಟಿಕ್ಕುವವರೆಗೆ ಕಾಯಬೇಕು. ಕಾಯುವುದನ್ನು ಬಿಟ್ಟು ಅಲ್ಲಿ ಬೇರೆ ಕೆಲಸವಿಲ್ಲ. ನಾನೂ ಜಲಜಳೂ ಆ ತುದಿಯನ್ನೇ ನೋಡುತ್ತಾ ಕುಳಿತೆವು. ಗೋಡೆಯ ಆಚೆ ನೇಮಣ್ಣನವರ ಉಸಿರು ಗರಗರ ಎಂದು ಕೇಳಿಸುತ್ತಿತ್ತು. ಒಂದೊಂದು ಸಲ ಅದು ನಿಂತುಹೋಗುತ್ತಿತ್ತು, ಆಗ ನಮ್ಮಿಬ್ಬರ ಉಸಿರೂ ನಿಲ್ಲುತ್ತಿತ್ತು. ಮತ್ತೆ ಶುರುವಾದಾಗ ಜಲಜ, "ಉಂಟು, ಉಂಟು" ಎನ್ನುತ್ತಿದ್ದಳು. ಎಣ್ಣೆಯೋ ಇಳಿಯುವ ಲಕ್ಷಣವಿಲ್ಲ. ನನ್ನ ಜೀವನದಲ್ಲಿ ಅಷ್ಟು ಅಸಹಾಯಕನಾಗಿ ನಾನು ಎಂದೂ ಕುಳಿತದ್ದಿಲ್ಲ.

ಅಂತೂ ಒಂದು ಕಂದು ಹನಿ ಬಿತ್ತು, ತಂತಿ ಸರಿಯಿತು. ಇನ್ನು ಅದರ ತುದಿಯ ಗುಂಡು ಹಿಡಿಯ ತೂತಿನಲ್ಲಿ ಕೂರಬೇಕು, ಕೂರಲಿಲ್ಲ. ಅರ ತೆಗೆದು ತಿಕ್ಕಿದೆ. ಗುಂಡಿನಷ್ಟೇ ನನ್ನ ಹೆಬ್ಬೆರಳೂ ಸವೆಯಿತು. "ಹೀಗೆ ತಿಕ್ಕಿದ್ರೆ ಅದು ನಾಳೆ ಕಿತ್ತು ಬರ್ಲಿಕ್ಕಿಲ್ವಾ?" ಎಂದು ಜಲಜ ಕೇಳಿದಳು. ನಾಳೆ ಬಂದರೆ ಬರಲಿ ಎಂದೆ. ಗಡಿಬಿಡಿಯಲ್ಲಿ ಕೇಬಲನ್ನು ಟ್ಯಾಂಕಿನ ಕೆಳಗಿನಿಂದ ತರುವ ಬದಲು ಹೊರಗಿನಿಂದಲೇ ಎಳೆದು ಬಿಗಿದೆ. ಪರಿಣಾಮವಾಗಿ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದಾಗಲೆಲ್ಲ ಕ್ಲಚ್ ತಾನಾಗಿಯೇ ಹಿಡಿದು, ಇಂಜಿನ್ ಸುಮ್ಮನೆ ಬೊಬ್ಬೆ ಹೊಡೆಯುತ್ತಿತ್ತು. ಬಿಚ್ಚಿ ಮತ್ತೆ ಕಟ್ಟಲು ಹೊತ್ತಿರಲಿಲ್ಲ. ವೇಣೂರು, ಬೆಳ್ತಂಗಡಿ ದಾಟಿ ಕಕ್ಕಿಂಜೆಯವರೆಗೆ ಪ್ರತಿ ಎಡ ತಿರುವಿನಲ್ಲೂ ಬೊಬ್ಬೆ ಹೊಡೆಸುತ್ತಾ ಹೋದೆ.

ಆದ್ದರಿಂದ ನಾನು ಮುಟ್ಟುವ ಮೊದಲೇ ಆ ಮನೆಗೆ ಸುದ್ದಿ ಮುಟ್ಟಿತ್ತು. ಸುಮತಿ ಕಂಬಕ್ಕೆ ತಲೆಯಿಟ್ಟು ಅಳುತ್ತಿದ್ದಳು. ಅವಳ ಗಂಡ ವ್ಯಾಪಾರಕ್ಕೆಂದು ಘಟ್ಟ ಹತ್ತಿದ್ದ. ಅವಳ ಅತ್ತೆ ಸ್ನಾನದ ಹಂಡೆಗೆ ಬೆಂಕಿ ಹಾಕಿ ಬಂದು, "ಎಷ್ಟು ಹೊತ್ತಿಗೆ ಆಯ್ತು ಮಾಷ್ಟ್ರೇ?" ಎಂದು ಕೇಳಿದರು.

"ಏನೂ ಆಗ್ಲಿಲ್ಲ ಅಮ್ಮ. ಸ್ವಲ್ಪ ಜೋರುಂಟು, ಅಷ್ಟೆ" ಎಂದೆ. ನಾಲಗೆ ಅದೇ ದಾರಿಗೆ ಬಿದ್ದುಬಿಟ್ಟಿತು. ಸುಮತಿಯ ಅಳು ಏರಿತು.

"ದೊಡ್ಡಪ್ಪ ಹೋದಾಗಲೂ ನೀವು ಹೀಗೇ ಹೇಳಿದ್ದು" ಎಂದಳು.

"ದೇವರಾಣೆ ಬದುಕಿದ್ದಾರೆ. ನಿನ್ನನ್ನು ಕೇಳ್ತಾ ಇದ್ದಾರೆ. ಈಗ್ಲೇ ಹೋಗುವ, ಏಳು."

"ನಿಮ್ಮದು ಒಳ್ಳೆ ಮನಸ್ಸು ಮಾಷ್ಟ್ರೇ" ಎಂದರು ಅತ್ತೆ. "ಆದ್ರೆ ನಮ್ಮ ಜೈನರಲ್ಲಿ ತುಂಬ ಹೊತ್ತು ಇಡುವ ಕ್ರಮ ಇಲ್ಲ. ಈಗಾಗ್ಲೇ ತೆಗ್ದಿರ್ತಾರೆ. ಅವಳು ಮಿಂದು ಮಡಿಯಾಗ್ಲಿ, ಮಗ ಬಂದ ಮೇಲೆ ನಾಳೆ ನಾವೆಲ್ಲ ಬರ್ತೇವೆ."

ನಾನು ಆಣೆ ಹಾಕಿದಷ್ಟೂ ಅವರು ನನ್ನನ್ನೇ ಸಂತೈಸಿದರು. ವರ್ಷಗಟ್ಟಲೆ ಮರ್ಯಾದೆಯಿಂದ ಸುಳ್ಳು ಹೇಳಿದವನಿಗೆ ಒಂದು ಸತ್ಯ ಹೇಳಲು ಎಷ್ಟು ಕಷ್ಟ ನೋಡಿ. ಸಿಟ್ಟು ಬಂತು, ಅಳುವೂ ಬಂತು, ಗಂಟಲು ಒಣಗಿತು. ಸಾವಿನ ಸುದ್ದಿ ತಂದವನಿಗೆ ಆ ಮನೆಯವರು ನೀರು ಬೇಕೋ ಎಂದು ಕೇಳುವುದಿಲ್ಲ, ಅವನೂ ಮುಟ್ಟದೆ ತಿರುಗಿ ಹೋಗುತ್ತಾನೆ. ಅದು ನೆನಪಾದದ್ದೇ ಚಪ್ಪಲಿ ಬಿಟ್ಟು, ಜಗಲಿ ಹತ್ತಿ, ಚಕ್ಕಳಮಕ್ಕಳ ಹಾಕಿ ಕುಳಿತೆ.

"ಅಮ್ಮ, ನನಗೆ ಕಾಫಿ ಬೇಕು. ತಿನ್ಲಿಕ್ಕೆ ಏನಾದ್ರೂ ಇದ್ರೆ ಅದೂ ಬೇಕು."

ಆ ತಾಯಿ ನನ್ನನ್ನು ಒಂದು ಕ್ಷಣ ನೋಡಿ, ಒಳಗೆ ಹೋಗಿ ಕಾಫಿಯನ್ನೂ ಅವಲಕ್ಕಿಯನ್ನೂ ತಂದರು. ಬಿಸಿಬಿಸಿಯಾದದ್ದನ್ನು ಸುಮತಿಯ ಎದುರೇ ಕುಡಿದೆ. ನಾಲಗೆ ಸುಟ್ಟಿತು. ಅವಲಕ್ಕಿಯನ್ನೂ ಬಾಯಿತುಂಬ ತುಂಬಿಕೊಂಡೆ. ಸುಮತಿ ಅಳು ನಿಲ್ಲಿಸಿದಳು. ಅತ್ತೆ ಅವಳ ತೋಳು ಹಿಡಿದು ಎಬ್ಬಿಸಿ, "ಇದ್ದಾರೆ ಮಗಾ, ಇದ್ದಾರೆ. ಬೇಗ ಹೊರಡು" ಎಂದರು. ಸೀರೆ ಬದಲಿಸಲೂ ಬಿಡದೆ ಗಾಡಿ ಹತ್ತಿಸಿದರು.

ಬೊಬ್ಬೆ ಹೊಡೆಸುತ್ತಲೇ ಕೇರಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಗೋಡೆಗೆ ಗುದ್ದದೆ ಗಾಡಿ ನಿಂತಿತು. ಸುಮತಿಯ ಹಿಂದೆಯೇ ನಾನೂ ಒಳಗೆ ಹೋದೆ. ನೇಮಣ್ಣನವರು ಕಣ್ಣು ಬಿಟ್ಟಿರಲಿಲ್ಲ, ಆದರೆ ಕಿವಿ ಚುರುಕಾಗಿತ್ತು.

"ಮಾಷ್ಟ್ರ ಗಾಡಿಯಲ್ವಾ?" ಎಂದು ಕೇಳಿದರು. "ಯಾರು ಹೋದದ್ದು?"

"ಯಾರೂ ಹೋಗ್ಲಿಲ್ಲ ಅಪ್ಪ" ಎಂದಳು ಸುಮತಿ. "ನಾನು ಬಂದದ್ದು."

ಮರುದಿನ ಅವರು ಮಗಳ ಕೈ ಹಿಡಿದುಕೊಂಡೇ ಹೋದರು. ನಾನು ಶಾಲೆಗೆ ರಜೆ ಹಾಕಿ, ಕೇಬಲನ್ನು ಬಿಚ್ಚಿ ಟ್ಯಾಂಕಿನ ಕೆಳಗಿನಿಂದ ಸರಿಯಾಗಿ ಎಳೆದು ಕಟ್ಟಿ, ಪೆಟ್ರೋಲ್ ತುಂಬಿಸಿ, ಚಪ್ಪಲಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದೆ. ಸುಮತಿಯ ಗಂಡನೂ ಅತ್ತೆಯೂ ಆಗಲೇ ಬಂದಿದ್ದರು, ತಿಳಿಸಬೇಕಾದವರೆಲ್ಲ ಅಲ್ಲೇ ಇದ್ದರು. ನನ್ನನ್ನು ಯಾರೂ ಕರೆಯಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನನಗೆ ಸ್ವಲ್ಪ ಬೇಸರವೇ ಆಯಿತು.